ಬಾಣಂತಿಗೆ ನೀರು ಕೊಡಿ

ಹೊಸಕೋಟೆ, ನೆಲಮಂಗಲ ಕಡೆ ಬಂದು ನೆಲೆಸಿದ ನಮ್ಮ ಬ್ಯಾರಿ ಮನೆಗಳಲ್ಲೂ ಬಾಣಂತನ ಅಂದರೆ 40 ದಿನ. ಮೆಂತೆ ಗಂಜಿ, ತೆಂಗಿನ ಹಾಲು, ಬೆಲ್ಲ, ಎಣ್ಣೆ ಸ್ನಾನ. ಚೀನಾದಲ್ಲೂ ಹೆತ್ತವಳು ಒಂದು ತಿಂಗಳು ಮನೆಯೊಳಗೇ ಇರುತ್ತಾಳೆ. ಶುಂಠಿ, ಬಿಸಿ ಸೂಪು ಕೊಡ್ತಾರೆ, ತಣ್ಣಗಿನದು ಬೇಡ ಅಂತಾರೆ. ನಮ್ಮ ಉಮ್ಮಂದಿರು ಹೇಳುವುದೂ ಅದೇ ಅಲ್ವಾ!

ಮರ್ಯಮ್ ಬೀವಿಗೆ ಹೆರಿಗೆ ವೇಳೆ ಖರ್ಜೂರ ತಿನ್ನಲು, ನೀರು ಕುಡಿಯಲು ಹೇಳಿದ್ದು ಕುರ್‌ಆನಿನಲ್ಲಿದೆ. ಆದರೂ ಹೊಟ್ಟೆ ಬರುತ್ತದೆ ಅಂತ ಕೆಲವರು ಬಾಣಂತಿಗೆ ನೀರನ್ನೇ ಕೊಡುವುದಿಲ್ಲ. ಇದು ತಪ್ಪು. ಹಾಲೂಡುವವಳಿಗೆ ಬಾಯಾರಿಕೆ ಜಾಸ್ತಿ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ. ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ.

ಊರಿಂದ ಉಮ್ಮ ಬರಲಾಗದಿದ್ದರೆ ಅಂಗನವಾಡಿಯಲ್ಲಿ ಹೆಸರು ಬರೆಸಿ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆ ಬಾಣಂತಿಗೂ ಬಿಸಿಯೂಟ, ಹಾಲು, ಮೊಟ್ಟೆ ಕೊಡಲೆಂದೇ ಬಂದದ್ದು. ಕಬ್ಬಿಣಾಂಶದ ಮಾತ್ರೆಯನ್ನು ಆರು ತಿಂಗಳು ಬಿಡಬೇಡಿ.