ಖಾಲಿ ಸ್ಥಾನ ಮತ್ತು ವಿಭಕ್ತಿ: ಕನ್ನಡ ಇಂಟರ್‌ಫೇಸ್ ವಿನ್ಯಾಸದಲ್ಲಿ ಪದರಚನೆಯ ಪ್ರಶ್ನೆ

ಪರದೆಯ ಮೇಲೆ ಕಾಣುವ ಸಂದೇಶಗಳನ್ನು ತಂತ್ರಾಂಶವು ಬಹುಮಟ್ಟಿಗೆ ಸಿದ್ಧ ವಾಕ್ಯಚೌಕಟ್ಟುಗಳಿಂದ ರಚಿಸುತ್ತದೆ. ಚೌಕಟ್ಟಿನ ಖಾಲಿ ಸ್ಥಾನವನ್ನು ಊರಿನ ಅಥವಾ ವ್ಯಕ್ತಿಯ ಹೆಸರು ತುಂಬುತ್ತದೆ. ಇಂಗ್ಲಿಷಿನಲ್ಲಿ ಸಂಬಂಧಸೂಚಕ ಪದವು ಹೆಸರಿಗೆ ಮೊದಲೇ ಪ್ರತ್ಯೇಕವಾಗಿ ನಿಲ್ಲುವುದರಿಂದ ಹೆಸರಿನ ರೂಪ ಬದಲಾಗದು. ಕನ್ನಡದಲ್ಲಾದರೋ ವಿಭಕ್ತಿ ಪ್ರತ್ಯಯವು ಪ್ರಕೃತಿಯೊಡನೆ ಬೆರೆಯುತ್ತದೆ. ಬೆರೆಯುವ ಬಗೆಯನ್ನು ಪ್ರಕೃತಿಯೇ ನಿರ್ಧರಿಸುತ್ತದೆ.

ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳ ಹೆಸರುಗಳು ಇದಕ್ಕೆ ಉತ್ತಮ ನಿದರ್ಶನ. ಅವು ಮೂರು ವರ್ಗಗಳಾಗಿ ಒಡೆಯುತ್ತವೆ:

ಎಕಾರಾಂತ (ಹೊಳಲ್ಕೆರೆ, ಚಳ್ಳಕೆರೆ): ಹೊಳಲ್ಕೆರೆಗೆ, ಹೊಳಲ್ಕೆರೆಯಲ್ಲಿ.
ಅಕಾರಾಂತ (ಚಿತ್ರದುರ್ಗ, ಹೊಸದುರ್ಗ): ಹೊಸದುರ್ಗಕ್ಕೆ, ಹೊಸದುರ್ಗದಲ್ಲಿ.
ಉಕಾರಾಂತ (ಹಿರಿಯೂರು, ಮೊಳಕಾಲ್ಮೂರು): ಹಿರಿಯೂರಿಗೆ, ಹಿರಿಯೂರಿನಲ್ಲಿ.

ಚೌಕಟ್ಟಿನಲ್ಲಿ ‘ನಲ್ಲಿ’ ಎಂಬುದನ್ನು ಸ್ಥಿರವಾಗಿ ಬರೆದಿಟ್ಟರೆ ‘ಹೊಳಲ್ಕೆರೆನಲ್ಲಿ’, ‘ಹಿರಿಯೂರುನಲ್ಲಿ’ ಎಂಬ ಅಸಾಧು ರೂಪಗಳು ಹುಟ್ಟುತ್ತವೆ.

ಕೊನೆಯ ಅಕ್ಷರವನ್ನು ನೋಡಿ ಪ್ರತ್ಯಯ ಆರಿಸುವ ನಿಯಮವೂ ಸಾಲದು. ಊರು, ಗುರು, ಮೂರು ಎಂಬ ಮೂರೂ ‘ರು’ವಿನಿಂದ ಮುಗಿಯುತ್ತವೆ, ಚತುರ್ಥಿಯಲ್ಲಿ ಅವು ಊರಿಗೆ, ಗುರುವಿಗೆ, ಮೂರಕ್ಕೆ ಎಂದಾಗುತ್ತವೆ. ಗ್ರಾಮ, ಬಸವ ಎರಡೂ ಅಕಾರಾಂತವಾದರೂ ಲಿಂಗಭೇದದಿಂದ ಗ್ರಾಮಕ್ಕೆ, ಬಸವನಿಗೆ ಎಂಬ ರೂಪಗಳು ಸಿದ್ಧಿಸುತ್ತವೆ. ಲಿಪಿಯಲ್ಲಿ ಕಾಣದ ಈ ಮಾಹಿತಿ ನಿಘಂಟಿನಿಂದಲೇ ಒದಗಬೇಕು.

ಇದು ಕೇವಲ ಶೈಲಿಯ ದೋಷವಲ್ಲ. ಜಮೀನಿನ ಹಕ್ಕು ಬದಲಾವಣೆಯ ಸಂದೇಶದಲ್ಲಿ ‘ಬಸವನಿಗೆ’, ‘ಬಸವನಿಂದ’ ಎಂಬ ರೂಪಗಳೇ ಪಡೆದವನನ್ನೂ ಕೊಟ್ಟವನನ್ನೂ ಬೇರ್ಪಡಿಸುತ್ತವೆ. ತಪ್ಪುವ ಭಯದಿಂದ ಪ್ರತ್ಯಯವನ್ನೇ ಕೈಬಿಟ್ಟರೆ ಓದುವ ರೈತನಿಗೆ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಪರಿಹಾರಗಳು ಮೂರು. ಮೊದಲನೆಯದು ವಾಕ್ಯವನ್ನು ಬಿಟ್ಟು ‘ತಾಲ್ಲೂಕು: ಹೊಳಲ್ಕೆರೆ’ ಎಂದು ಶೀರ್ಷಿಕೆಯ ಮುಂದೆ ಹೆಸರಿಡುವುದು. ಕರ್ನಾಟಕದ ‘ಭೂಮಿ’ ವ್ಯವಸ್ಥೆಯಲ್ಲಿ ಪಹಣಿಗಾಗಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಕ್ರಮವಾಗಿ ಆರಿಸುವ ವಿನ್ಯಾಸ ಈ ಬಗೆಯದು. ಇಲ್ಲಿ ವಿಭಕ್ತಿಯ ಅಗತ್ಯವೇ ಬೀಳದು. ಆದರೆ ಕ್ರಿಯೆಯನ್ನು ನಿರೂಪಿಸಬೇಕಾದೆಡೆ ಇದು ನಿಲುಕದು. ಎರಡನೆಯದು ಪ್ರತ್ಯಯವನ್ನು ಹೊರಲು ಆಧಾರಪದವೊಂದನ್ನು ಒದಗಿಸುವುದು: ‘ಹೊಳಲ್ಕೆರೆ ತಾಲ್ಲೂಕಿನಲ್ಲಿ’, ‘ಬಸವ ಅವರಿಂದ’. ಹೆಸರು ಅವಿಕೃತವಾಗಿ ಉಳಿಯುತ್ತದೆ, ವ್ಯಕ್ತಿನಾಮಕ್ಕೆ ಗೌರವಾರ್ಥವೂ ಸೇರುತ್ತದೆ. ಮೂರನೆಯದು ವಿಭಕ್ತಿರೂಪಗಳನ್ನೇ ದತ್ತಸಂಚಯದಲ್ಲಿ ಇರಿಸುವುದು. ತಾಲ್ಲೂಕುಗಳಂಥ ಸೀಮಿತ ಪಟ್ಟಿಗೆ ಇದು ಸಾಧ್ಯ. ಕೊನೆಯಿಲ್ಲದ ವ್ಯಕ್ತಿನಾಮಗಳಿಗೆ ಎರಡನೆಯ ಮಾರ್ಗವೇ ಸೂಕ್ತ.

ಈ ಆಯ್ಕೆಗಳು ಚೌಕಟ್ಟು ರೂಪುಗೊಳ್ಳುವಾಗಲೇ ನಿರ್ಧಾರವಾಗಬೇಕು. ಸಿದ್ಧ ಚೌಕಟ್ಟನ್ನು ಅನುವಾದಕನ ಕೈಗಿತ್ತ ಬಳಿಕ ಅವನು ಪದಗಳನ್ನು ಬದಲಿಸಬಲ್ಲನೇ ಹೊರತು ಖಾಲಿ ಸ್ಥಾನದ ವ್ಯಾಕರಣವನ್ನಲ್ಲ.