ಕೋಡ್ ಬಂದ ಮಾತ್ರಕ್ಕೆ ಸೊಲೆನಾಯ್ಡ್ ಕೆಟ್ಟಿದೆಯೇ?

ಹದಡಿ ಸುತ್ತಿನ ಅಡಿಕೆ ತೋಟಗಳಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಹಿಡಿಯದಿದ್ದರೆ ಯಾರೂ ನೇರವಾಗಿ ಕಾಯಿಲ್ ಬಿಚ್ಚುವುದಿಲ್ಲ. ಮೂರೂ ಫೇಸ್ ಬಂದಿದೆಯೇ, ವೋಲ್ಟೇಜ್ ಸಾಕಷ್ಟಿದೆಯೇ, ಫ್ಯೂಸ್ ಹೋಗಿದೆಯೇ, ತಂತಿ ಎಲ್ಲಾದರೂ ಸಡಿಲಾಗಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಅದೆಲ್ಲ ಸರಿಯಿದ್ದರೆ ಮಾತ್ರ ಕಾಯಿಲ್ ಸುಟ್ಟಿದೆ ಎನ್ನುತ್ತಾರೆ. ಆಟೋಮ್ಯಾಟಿಕ್ ಕಾರಿನ ಗೇರ್ ಕೈಕೊಟ್ಟಾಗ ಇದೇ ಕ್ರಮ ತಲೆಕೆಳಗಾಗುತ್ತದೆ. ಸ್ಕ್ಯಾನರ್ ಚುಚ್ಚಿದ ಐದು ನಿಮಿಷದಲ್ಲೇ ತೀರ್ಪು ಹೊರಬೀಳುತ್ತದೆ: “ಸೊಲೆನಾಯ್ಡ್ ಹೋಗೇತಣ್ಣ, ಗೇರ್‌ಬಾಕ್ಸ್ ಇಳಿಸ್ಬೇಕು.”

ಸೊಲೆನಾಯ್ಡ್ ಅಂದರೆ ಆ ಸ್ಟಾರ್ಟರ್ ಕಾಯಿಲ್‌ನ ತಮ್ಮನೇ. ತಾಮ್ರದ ತಂತಿಯ ಸುರುಳಿ, ಒಳಗೊಂದು ಕಬ್ಬಿಣದ ತುಂಡು. ಕರೆಂಟ್ ಹರಿದರೆ ಸುರುಳಿ ಅಯಸ್ಕಾಂತವಾಗಿ ಕಬ್ಬಿಣವನ್ನು ಎಳೆಯುತ್ತದೆ, ನಿಂತರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಗೇರ್‌ಬಾಕ್ಸಿನ ವಾಲ್ವ್ ಬಾಡಿಯಲ್ಲಿ ಹೀಗೆ ಎಣ್ಣೆಯ ದಾರಿ ತೆರೆದು ಮುಚ್ಚುವುದರಿಂದಲೇ ಕ್ಲಚ್‌ಗಳು ಹಿಡಿಯುತ್ತವೆ, ಬಿಡುತ್ತವೆ. ಯಾವ ಗೇರ್ ಬೇಕೆಂದು ತೀರ್ಮಾನಿಸುವುದು ಗೇರ್‌ಬಾಕ್ಸಿನ ಕಂಪ್ಯೂಟರ್. ಆ ಕಂಪ್ಯೂಟರ್‌ಗೂ ಸೊಲೆನಾಯ್ಡ್‌ಗೂ ನಡುವೆ ತಂತಿ, ಕಪ್ಲರ್, ಫ್ಯೂಸ್, ಅರ್ತ್ ಇವೆ. ಜನ ಮರೆಯುವುದು ಈ ನಡುವಿನ ದಾರಿಯನ್ನೇ.

ಎಲ್ಲಕ್ಕಿಂತ ದುಬಾರಿ ತಪ್ಪು ಕಲ್ಪನೆ ಹುಟ್ಟುವುದು ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಓದುವಲ್ಲಿ. ಪಿ 0750ರಿಂದ ಪಿ 0754ರವರೆಗಿನ ಕೋಡ್‌ಗಳೆಲ್ಲ ‘ಎ’ ಶಿಫ್ಟ್ ಸೊಲೆನಾಯ್ಡಿಗೆ ಸೇರಿದವು. ಆದರೆ ಕೊನೆಯ ಅಂಕಿ ಬದಲಾದರೆ ಅರ್ಥವೇ ಬದಲಾಗುತ್ತದೆ. 0751 ಮತ್ತು 0752 ಎಂದರೆ ಸೊಲೆನಾಯ್ಡ್ ಹೇಳಿದಂತೆ ಕೆಲಸ ಮಾಡುತ್ತಿಲ್ಲ, ಅಂಟಿಕೊಂಡಿರಬಹುದು ಎಂಬ ಅನುಮಾನ. ಎಣ್ಣೆಯ ಒತ್ತಡ, ವಾಲ್ವ್ ಬಾಡಿಯಲ್ಲಿನ ಕಸ, ಸವೆದ ಕ್ಲಚ್ ಇಲ್ಲಿ ಕಾರಣವಾಗಬಹುದು. 0753 ಪೂರ್ತಿ ವಿದ್ಯುತ್ತಿನ ದೂರು: ಕರೆಂಟ್ ಹರಿಯಬೇಕಾದ ದಾರಿಯಲ್ಲಿ ತೊಂದರೆಯಿದೆ. 0754 ಬಂದರೆ ಅದೇ ತೊಂದರೆ ಒಮ್ಮೆ ಬಂದು ಒಮ್ಮೆ ಮಾಯವಾಗುತ್ತಿದೆ ಎಂದರ್ಥ. ಇವುಗಳಲ್ಲಿ ಒಂದೂ ‘ಈ ಭಾಗ ಬದಲಿಸಿ’ ಎಂದು ಹೇಳುವುದಿಲ್ಲ. 0753 ಬಂದಾಗ ತಂತಿ ನೋಡದೆ ಸೊಲೆನಾಯ್ಡ್ ಬದಲಿಸುವುದು, ಮೋಟರ್ ಓಡಲಿಲ್ಲವೆಂದು ಟ್ರಾನ್ಸ್‌ಫಾರ್ಮರ್ ಕಡೆ ತಿರುಗಿಯೂ ನೋಡದೆ ಹೊಸ ಮೋಟರ್ ತಂದಂತೆ.

ನಾಲ್ಕೈದು ಸೊಲೆನಾಯ್ಡ್‌ಗಳ ಕೋಡ್ ಒಟ್ಟಿಗೆ ಬಂದರೆ ಗಾಬರಿ ಇನ್ನೂ ಹೆಚ್ಚು. ವಾಸ್ತವದಲ್ಲಿ ಅದು ಸಮಾಧಾನದ ಸುದ್ದಿ. ಐದು ಸುರುಳಿಗಳು ಒಂದೇ ದಿನ ಸುಡುವುದು ತೀರಾ ಅಪರೂಪ. ಐದಕ್ಕೂ ಸಾಮಾನ್ಯವಾದ ಫ್ಯೂಸ್, ಅರ್ತ್, ದೊಡ್ಡ ಕಪ್ಲರ್, ಸೊರಗಿದ ಬ್ಯಾಟರಿ ಇವುಗಳನ್ನೇ ಮೊದಲು ಹುಡುಕಬೇಕು. ಭತ್ತದ ಸೀಮೆಯಲ್ಲಿ ಇಲಿಗಳನ್ನೂ ಮರೆಯುವಂತಿಲ್ಲ. ಚೀಲಗಳನ್ನು ಒಟ್ಟಿದ ಶೆಡ್ಡಿನಲ್ಲಿ ಕಾರು ನಿಲ್ಲಿಸಿದರೆ, ವೈರಿಂಗ್ ಅವುಗಳ ಬಾಯಿಗೆ ಸಿಗಲು ಒಂದು ರಾತ್ರಿ ಸಾಕು.

ಮೀಟರ್ ಹಿಡಿದವರಿಗೂ ಒಂದು ನಂಬಿಕೆಯಿದೆ: ಓಮ್ ಸರಿ ತೋರಿಸಿದರೆ ಸೊಲೆನಾಯ್ಡ್ ಸರಿ. ಇದು ಅರ್ಧ ಸತ್ಯ. ಟೊಯೊಟಾದ ಹಲವು ಗೇರ್‌ಬಾಕ್ಸ್‌ಗಳಲ್ಲಿ ಆನ್-ಆಫ್ ಮಾದರಿಯ ಶಿಫ್ಟ್ ಸೊಲೆನಾಯ್ಡ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 11ರಿಂದ 15 ಓಮ್, ಒತ್ತಡ ನಿಯಂತ್ರಿಸುವ ಲೀನಿಯರ್ ಸೊಲೆನಾಯ್ಡ್ ಸುಮಾರು 5 ಓಮ್ ತೋರಿಸಬೇಕು. ಇಲ್ಲಿ ‘20 ಡಿಗ್ರಿ’ ಎಂಬ ಮಾತು ಅಲಂಕಾರಕ್ಕೆ ಬಂದದ್ದಲ್ಲ. ಪ್ರತಿ ಡಿಗ್ರಿಗೆ ತಾಮ್ರದ ರೋಧ ಸುಮಾರು ಶೇ. 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 12 ಓಮ್ ಇದ್ದ ಸುರುಳಿ, ಎಣ್ಣೆ 100 ಡಿಗ್ರಿ ಮುಟ್ಟಿದಾಗ 15 ಓಮ್ ದಾಟುತ್ತದೆ. ಅದು ದೋಷವಲ್ಲ, ಲೋಹದ ಗುಣ. ಇನ್ನು ಕೆಲವು ಸುರುಳಿಗಳ ಒಳಗಿನ ಸೀಳು ಬಿಸಿಯಾದಾಗಷ್ಟೇ ಬಾಯಿ ಬಿಡುತ್ತದೆ. ಬೆಳಿಗ್ಗೆ ತಣ್ಣಗೆ ನಿಂತ ಕಾರಿನಲ್ಲಿ ಅಳೆದರೆ ಎಲ್ಲವೂ ಸರಿ. ಮಧ್ಯಾಹ್ನ ಹೆದ್ದಾರಿಯಲ್ಲಿ ಹರಿಹರ ಮುಟ್ಟುವಷ್ಟರಲ್ಲಿ ಗೇರ್ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಬಿಸಿಯಲ್ಲೂ ಒಮ್ಮೆ ಅಳೆಯಬೇಕು.

ತಂತಿಯ ವಿಷಯದಲ್ಲಿ ಓಮ್ ಮೀಟರ್ ಇನ್ನೂ ಹೆಚ್ಚು ಮೋಸ ಮಾಡುತ್ತದೆ. ಮೀಟರ್ ಹರಿಸುವ ಕರೆಂಟ್ ತೀರಾ ಅಲ್ಪ, ಸೊಲೆನಾಯ್ಡ್ ಕೇಳುವುದು ಸುಮಾರು ಒಂದು ಆಂಪಿಯರ್. ಭದ್ರಾ ಕಾಲುವೆಯ ಕೊನೆಯಂಚಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂಳು ತುಂಬಿದ ಕಾಲುವೆಯಲ್ಲಿ ಕೊಡ ನೀರು ಸುರಿದರೆ ಹರಿದು ಹೋಗುತ್ತದೆ, ಗದ್ದೆಗೆ ಬೇಕಾದಷ್ಟು ಬಿಟ್ಟರೆ ಕೊನೆಗೆ ಮುಟ್ಟುವುದಿಲ್ಲ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದ ತಂತಿಯೂ ಮೀಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಸೊಲೆನಾಯ್ಡ್ ಕೆಲಸ ಮಾಡುತ್ತಿರುವಾಗಲೇ ತಂತಿಯ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯಬೇಕು. ಒಳ್ಳೆಯ ಅರ್ತ್ ತಂತಿಯಲ್ಲಿ ಅದು 0.1 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಕಳ್ಳ ಅಲ್ಲೇ ಸಿಕ್ಕಿದಂತೆ.

1941ರಲ್ಲಿ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಲೇತ್ ತಯಾರಿಕೆಗೆ ನೆಲೆಯೂರಿದ ಮೇಲೆ, ಮೈಕ್ರೋಮೀಟರ್ ಹಿಡಿದು ಅಳೆಯದೆ ಮಾತಾಡದ ಕೆಲಸಗಾರರ ತಲೆಮಾರುಗಳು ಈ ಭಾಗದಲ್ಲಿ ಬೆಳೆದವು. ಅಂಥ ನೆಲದಲ್ಲಿ ಊಹೆಯ ಮೇಲೆ ಗೇರ್‌ಬಾಕ್ಸ್ ಇಳಿಸುವುದನ್ನು ಕಂಡರೆ ಸಂಕಟವಾಗುತ್ತದೆ.

ಕಾರು ಒಂದೇ ಗೇರಿನಲ್ಲಿ ತೆವಳತೊಡಗಿದರೆ ಗೇರ್‌ಬಾಕ್ಸ್ ಪುಡಿಯಾಯಿತು ಎಂದುಕೊಳ್ಳುವವರು ಬಹಳ. ತಪ್ಪು. ಸರ್ಕ್ಯೂಟಿನಲ್ಲಿ ದೋಷ ಕಂಡ ಕೂಡಲೇ ಅನೇಕ ಕಾರುಗಳ ಕಂಪ್ಯೂಟರ್ ಸೊಲೆನಾಯ್ಡ್‌ಗಳ ಕರೆಂಟನ್ನೇ ನಿಲ್ಲಿಸಿಬಿಡುತ್ತದೆ. ಆಗ ಎಣ್ಣೆಯ ಒತ್ತಡವೊಂದರಿಂದಲೇ ಮೊದಲೇ ಗೊತ್ತುಮಾಡಿದ ಒಂದು ಗೇರ್ ಹಿಡಿದುಕೊಳ್ಳುತ್ತದೆ. ಮನೆಯನ್ನೋ ಗ್ಯಾರೇಜನ್ನೋ ಸೇರಲೆಂದು ಮಾಡಿದ ರಕ್ಷಣೆ ಅದು. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ವಾಸಿ ಎಂಬ ಮಾತೂ ಸುಳ್ಳು. ಹಲವು ಕಾರುಗಳಲ್ಲಿ ಕೋಡ್ ಅಳಿಸಿಹೋಗುತ್ತದೆ, ದೋಷ ಬಂದಾಗಿನ ವೇಗ, ಬಿಸಿ, ವೋಲ್ಟೇಜ್‌ಗಳ ದಾಖಲೆಯೂ ಜೊತೆಗೇ ಹೋಗುತ್ತದೆ. ಮೆಕ್ಯಾನಿಕ್ ಕೈಗೆ ಸಿಗಬೇಕಿದ್ದ ಸುಳಿವೇ ಇಲ್ಲವಾಗುತ್ತದೆ. ಎಣ್ಣೆ ಬದಲಿಸಿದರಂತೂ ತುಂಡಾದ ತಂತಿ ಕೂಡಿಕೊಳ್ಳುವುದಿಲ್ಲ.

ಎಣ್ಣೆ ಮತ್ತು ವಿದ್ಯುತ್ತಿನ ನಂಟಿಗೆ ಬೇರೆಯೇ ಒಂದು ಕಥೆಯಿದೆ. 1996ರಲ್ಲಿ ಬಂದ ಮರ್ಸಿಡಿಸ್‌ನ 722.6 ಎಂಬ ಐದು ಗೇರಿನ ಆಟೋಮ್ಯಾಟಿಕ್‌ನಲ್ಲಿ, ಗೇರ್‌ಬಾಕ್ಸಿಗೆ ಸಿಕ್ಕಿಸುವ ಕಪ್ಲರ್‌ನ ಸೀಲ್ ಹಳತಾದರೆ ಎಣ್ಣೆ ಜಿನುಗುತ್ತದೆ. ಅಷ್ಟಕ್ಕೇ ನಿಲ್ಲದೆ, ದೀಪದ ಬತ್ತಿ ಎಣ್ಣೆ ಎಳೆದಂತೆ ವೈರಿಂಗಿನ ಒಳಗೊಳಗೇ ಏರಿ, ದೂರದಲ್ಲಿರುವ ಕಂಪ್ಯೂಟರ್‌ವರೆಗೂ ತಲುಪುತ್ತದೆ. ಇಲ್ಲಿ ಸೊಲೆನಾಯ್ಡ್ ಎಷ್ಟು ಬದಲಿಸಿದರೂ ಅಷ್ಟೇ, ಬದಲಿಸಬೇಕಾದದ್ದು ಸೀಲ್ ಇರುವ ಆ ಪುಟ್ಟ ಪ್ಲಾಸ್ಟಿಕ್ ಭಾಗ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಆ ಕಾರಿನ ವೈರಿಂಗ್ ನಕ್ಷೆಯಿಂದ. ಟೊಯೊಟಾದ ಹಲವು ಶಿಫ್ಟ್ ಸೊಲೆನಾಯ್ಡ್‌ಗಳ ಒಂದು ತುದಿ ಗೇರ್‌ಬಾಕ್ಸಿನ ಬಾಡಿಗೇ ಅರ್ತ್ ಆಗಿರುತ್ತದೆ, ಬೇರೆ ಕೆಲವು ಕಾರುಗಳಲ್ಲಿ ಬಾಡಿಗೆ ತಾಗಲೇಬಾರದು. ನಕ್ಷೆ ನೋಡದವರಿಗೆ ಮೊದಲನೆಯದೂ ಶಾರ್ಟ್‌ನಂತೆಯೇ ಕಾಣುತ್ತದೆ. ಆಮೇಲೆ ಕಂಪ್ಯೂಟರ್ ಕಡೆಯ ಕಪ್ಲರ್ ಬಿಚ್ಚಿ ಅಲ್ಲಿಂದ ಓಮ್ ಅಳೆಯಬೇಕು, ಗೇರ್‌ಬಾಕ್ಸ್ ಹೊರಗಿನ ಕಪ್ಲರ್‌ನಲ್ಲಿ ಮತ್ತೊಮ್ಮೆ. ಗೇರ್‌ಬಾಕ್ಸಿನಲ್ಲಿ ಸರಿ, ಕಂಪ್ಯೂಟರ್ ಕಡೆ ತಪ್ಪು ಎಂದಾದರೆ ದೋಷ ನಡುವಿನ ತಂತಿಯಲ್ಲಿದೆ. ಗೇರ್‌ಬಾಕ್ಸ್ ಬೋಲ್ಟ್ ಮುಟ್ಟುವ ಅಗತ್ಯವೇ ಇಲ್ಲ. ಅಳೆಯುವಾಗ ವೈರಿಂಗನ್ನು ಮೆಲ್ಲಗೆ ಅಲುಗಾಡಿಸಿದರೆ 0754ರಂಥ ಕಣ್ಣಾಮುಚ್ಚಾಲೆ ದೋಷಗಳೂ ಸಿಗುತ್ತವೆ. ಕಪ್ಲರ್‌ನ ಪಿನ್‌ಗಳಲ್ಲಿ ಹಸಿರು ಕಿಲುಬಿದ್ದರೆ ಉತ್ತರ ಕಣ್ಣೆದುರೇ ಇದೆ.

ಸೊಲೆನಾಯ್ಡನ್ನೇ ಪರೀಕ್ಷಿಸಬೇಕಾಗಿ ಬಂದಾಗ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ‘ಟಕ್’ ಸದ್ದು ಕೇಳುವುದು ವಾಡಿಕೆ. 12 ಓಮ್‌ನ ಸುರುಳಿಗೆ ಒಂದು ಆಂಪಿಯರ್ ಹರಿದರೆ ತೊಂದರೆಯಿಲ್ಲ. 5 ಓಮ್‌ನ ಲೀನಿಯರ್ ಸೊಲೆನಾಯ್ಡಿಗೆ ಹಾಗೆ ಕೊಟ್ಟರೆ 2.4 ಆಂಪಿಯರ್ ಹರಿದು, ಸರಿಯಿದ್ದದ್ದೂ ಸುಡಬಹುದು. ನಡುವೆ 21 ವ್ಯಾಟಿನ ಬಲ್ಬ್ ಸೇರಿಸಿ ಎಂದು ಟೊಯೊಟಾದ ದುರಸ್ತಿ ಕೈಪಿಡಿಗಳೇ ಹೇಳುತ್ತವೆ. ಕಾರಿನ ಬ್ರೇಕ್ ಲೈಟಿಗೆ ಹಾಕುವ ಮಾಮೂಲಿ ಬಲ್ಬ್ ಅದು. ಅದನ್ನು ಸರಣಿಯಲ್ಲಿ ಜೋಡಿಸಿದರೆ ಕರೆಂಟ್ ಒಂದು ಆಂಪಿಯರಿನ ಆಚೀಚೆ ನಿಲ್ಲುತ್ತದೆ, ಬಲ್ಬ್ ಮಂದವಾಗಿ ಉರಿಯುತ್ತದೆ, ವಾಲ್ವ್ ಸರಿಯಿದ್ದರೆ ಅಲುಗುವುದು ಕಣ್ಣಿಗೇ ಕಾಣುತ್ತದೆ.