ವಿಮಾನ ನಿಲ್ದಾಣಕ್ಕೆ ಹೊರಟಾಗ ಮದ್ದು ಯಾವ ಚೀಲದಲ್ಲಿ?

ದೂರ ಪ್ರಯಾಣಕ್ಕೆ ಹೊರಟವರು ದೋರನಹಳ್ಳಿಯ ದವಾಖಾನೆಗೆ ಬಂದರೆ ನಾನು ಮೊದಲು ಕೇಳುವುದು, ‘ಇನ್ಸುಲಿನ್ ಎಲ್ಲಿಟ್ಟಿದ್ದೀರಿ?’ ‘ಸೂಟ್‌ಕೇಸಿನಲ್ಲಿ’ ಎನ್ನುವವರೇ ಹೆಚ್ಚು. ಹಾಗೆ ಮಾಡಬೇಡಿ. ಸಾಮಾನು ಇಡುವ ಕಡೆ ಚಳಿಗೆ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದರೂ ಬಳಸಬಾರದು. ಇನ್ಸುಲಿನ್, ಮಾತ್ರೆ, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ತಪಾಸಣೆಯವರು ಕೇಳಿದರೆ ಚೀಟಿ ತೋರಿಸಿ.

ನಮ್ಮ ಯುನಾನಿ ಶರಬತ್ತು, ಮಾಜೂನ್‌ಗಳ ಮಾತು ಬೇರೆ. ಉಮ್ರಾದಂಥ ವಿದೇಶ ಪ್ರಯಾಣದಲ್ಲಿ ಕೈಚೀಲದ ಬಾಟಲಿ 100 ಮಿ.ಲೀ. ಮೀರುವಂತಿಲ್ಲ. ದೊಡ್ಡ ಬಾಟಲಿಗಳನ್ನು ಬಿಗಿಯಾಗಿ ಮುಚ್ಚಿ, ಪ್ಲಾಸ್ಟಿಕ್ ಸುತ್ತಿ ಸೂಟ್‌ಕೇಸಿಗೆ ಹಾಕಿ. ಪವರ್ ಬ್ಯಾಂಕ್ ಮಾತ್ರ ಕೈಯಲ್ಲೇ.

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ಅದು ಊರೊಳಗಿಲ್ಲ, ಶ್ರೀನಿವಾಸ ಸರಡಗಿ ಬಳಿ ಇದೆ. ಅಲ್ಲಿಂದ ವಿಮಾನಗಳು ಕಡಿಮೆ, ನಿಂತೂ ಹೋಗುತ್ತವೆ, ವಿಚಾರಿಸದೆ ಹೊರಡಬೇಡಿ. ವಿದೇಶಕ್ಕಾದರೆ ಹೈದರಾಬಾದಿನ ಶಂಶಾಬಾದೇ ಗತಿ. ಅಲ್ಲಿ ನಡಿಗೆ ಬಹಳ. ಮೊಣಕಾಲು ನೋವಿನ ಅಮ್ಮಿಗೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ಅದರಲ್ಲಿ ಸಂಕೋಚವೇನು?

ಸಾಲಿನಲ್ಲಿ ನಿಂತು ಊಟ ತಪ್ಪಿದರೆ ಇನ್ಸುಲಿನ್ ತೆಗೆದುಕೊಂಡವರಿಗೆ ತಲೆ ಸುತ್ತಿ, ಬೆವರು ಕಿತ್ತು ಬರುತ್ತದೆ. ಅಬ್ಬಾನ ಜೇಬಿನಲ್ಲಿ ಒಂದಿಷ್ಟು ಸಕ್ಕರೆ, ನಾಲ್ಕು ಖರ್ಜೂರ ಹಾಕಿ ಕಳಿಸಿ.